ರಬ್ಬರಿನ ತವರೂರು

ಇಪ್ಪತ್ತು ಲಕ್ಷ ಜನರಿರುವ ಊರು ಎಂದರೆ ನಮಗೆ ಮೊದಲು ನೆನಪಾಗುವುದು ಅದರ ಬಸ್ ಸ್ಟ್ಯಾಂಡು. ನಾಲ್ಕೂ ಕಡೆಯಿಂದ ಬಸ್ಸುಗಳು ಬಂದು ನುಗ್ಗುತ್ತಿರಬೇಕು, ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿರಬೇಕು. ಬ್ರೆಜಿಲ್ ದೇಶದ ಮನೌಸ್ ಪಟ್ಟಣಕ್ಕೆ ಹಾಗೆ ಹೋಗಿ ಇಳಿಯುವುದು ಸುಲಭವಲ್ಲ. ಸಮುದ್ರದಿಂದ ಸುಮಾರು 1,500 ಕಿಲೋಮೀಟರ್ ಒಳಗೆ, ಅಮೆಜಾನ್ ಕಾಡಿನ ನಡುವೆ, ಹೊಳೆಯ ದಡದಲ್ಲಿ ಕೂತ ಊರು ಅದು. ಉತ್ತರಕ್ಕೆ ವೆನೆಜುವೆಲಾದ ಕಡೆ ಒಂದು ಟಾರು ರಸ್ತೆ ಉಂಟು. ದಕ್ಷಿಣಕ್ಕೆ ಇನ್ನೊಂದು ಉಂಟು, ಆದರೆ ನಡುವಿನ ನೂರಾರು ಕಿಲೋಮೀಟರ್ ಮಳೆಗಾಲದಲ್ಲಿ ನಾಟಿಗೆ ಹದಮಾಡಿದ ಗದ್ದೆಯ ಹಾಗೆ ಆಗಿಬಿಡುತ್ತದೆ. ಉಳಿದ ದಾರಿಗಳೆಲ್ಲ ಒಂದೋ ನೀರಿನ ಮೇಲೆ, ಇಲ್ಲವೇ ಆಕಾಶದಲ್ಲಿ. ಸಮುದ್ರದ ಬಾಯಲ್ಲಿರುವ ಬೆಲೆಂ ಪಟ್ಟಣದಿಂದ ದೋಣಿಯಲ್ಲಿ ಹೊರಟರೆ ಪ್ರವಾಹಕ್ಕೆ ಎದುರಾಗಿ ಐದಾರು ದಿನ. ಅಷ್ಟೂ ದಿನ ಜೋಲಿಯಲ್ಲಿ ಮಲಗಿಕೊಂಡೇ ಬರಬೇಕು. ಜೋಲಿ ನಮ್ಮದೇ, ಕೊಕ್ಕೆ ಮಾತ್ರ ದೋಣಿಯವರದ್ದು.

ನಾನು ಹೋದದ್ದು ಆಕಾಶದ ದಾರಿಯಲ್ಲಿ, 2025ರ ಆಗಸ್ಟಿನಲ್ಲಿ. ಮಗಳು ಸಾವೊ ಪಾಲೊ ನಗರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. "ಅಮ್ಮ, ಒಂದು ವಾರ ರಜೆ ಉಂಟು, ಎಲ್ಲಿಗೆ ಹೋಗುವ?" ಎಂದು ಕೇಳಿದಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಸಮುದ್ರತೀರ. ನಾನು ಮಾತ್ರ ಮನೌಸ್ ಎಂದೆ. ನಮ್ಮದು ಸುಳ್ಯದ ಕಡೆ ಮೂರು ಎಕರೆ ಅಡಿಕೆ, ಅದರ ಮೇಲಿನ ಗುಡ್ಡದಲ್ಲಿ ರಬ್ಬರು. ಅಡಿಕೆಗೆ ಹಳದಿ ರೋಗ ಬಂದ ಮೇಲೆ ಮನೆ ನಡೆದದ್ದು, ಈ ಹುಡುಗಿ ಇಂಜಿನಿಯರಿಂಗ್ ಓದಿದ್ದು, ಎಲ್ಲ ಆ ಗುಡ್ಡದ ಮರಗಳ ಹಾಲಿನಿಂದ. ಸೊಸೆಯಾಗಿ ಬಂದವಳು ಮೂವತ್ತು ವರ್ಷ ಮನೆ ಬೆಳಗಿದರೂ ಅವಳ ತವರನ್ನು ಯಾರೂ ನೋಡದೆ ಇದ್ದರೆ ಹೇಗೆ? ರಬ್ಬರಿನ ತವರು ಈ ಅಮೆಜಾನ್ ಕಾಡು. ಹಾಗೆಂದು ಹೇಳಿ ಹಟ ಹಿಡಿದೆ. ಯಜಮಾನರು ಬರಲಿಲ್ಲ. ಆಗಸ್ಟ್ ತಿಂಗಳ ಮಳೆಯಲ್ಲಿ ತೋಟ ಬಿಟ್ಟು ಬರುವ ಜನ ಅವರಲ್ಲ. ನಾನು ಮಾತ್ರ ಬೆಂಗಳೂರಿಗೆ ಹೋಗಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಹಳದಿ ಬಣ್ಣದ ಪುಸ್ತಕವೊಂದನ್ನು ಪಾಸ್‌ಪೋರ್ಟಿನ ಜೊತೆ ಕಟ್ಟಿಕೊಂಡು ಹೊರಟೆ.

ಭಾಷೆಯ ಹೆದರಿಕೆ ಮೊದಲ ದಿನವೇ ಅರ್ಧ ಇಳಿಯಿತು. ಹೋಟೆಲಿನ ಹುಡುಗಿ ಕೈಗೆ ಬೀಗದ ಕೈ ಕೊಟ್ಟು "ಶಾವಿ" ಎಂದಳು. ನಮ್ಮ ಚಾವಿಯೇ! ಕಿಟಕಿಗೆ "ಜನೆಲಾ" ಎಂದಳು. ನಮ್ಮ ಕರಾವಳಿಯಲ್ಲಿ ಅದು ಜನೇಲು. ಮೇಜಿಗೆ ಮೆಜಾ, ಸಾಬೂನಿಗೆ ಸಬಾವೊ, ಬಟಾಟೆಗೆ ಬಟಾಟಾ. ಪೋರ್ಚುಗೀಸರು ಗೋವಾಕ್ಕೆ ಬಂದವರು ನಮ್ಮ ಬಾಯಿಗೂ ಇಷ್ಟನ್ನು ಹಾಕಿಹೋಗಿದ್ದಾರೆ. ಗೇರುಬೀಜ ಅವರು ಬ್ರೆಜಿಲಿನಿಂದ ನಮಗೆ ತಂದದ್ದು. ಇಲ್ಲಿ ಅದು ಕಾಜು. ಆದರೆ ಇಲ್ಲಿಯವರಿಗೆ ಬೀಜಕ್ಕಿಂತ ಹಣ್ಣಿನ ಮೇಲೆ ಪ್ರೀತಿ ಹೆಚ್ಚು. ತಣ್ಣಗಿನ ರಸ ಮಾಡಿ ಲೋಟ ತುಂಬ ಕುಡಿಯುತ್ತಾರೆ. ನಮ್ಮ ಗುಡ್ಡದಲ್ಲಿ ಕೊಳೆತು ಹೋಗುವ ಗೇರುಹಣ್ಣುಗಳನ್ನು ನೆನೆದು ನನಗೆ ಹೊಟ್ಟೆಯುರಿಯಿತು.

ಮನೌಸಿನ ಹೊಳೆಯ ಹೆಸರು ರಿಯೊ ನೆಗ್ರೊ, ಅಂದರೆ ಕಪ್ಪು ಹೊಳೆ. ಹೊಳೆ ಎಂದರೆ ಆಚೆ ದಡ ಕಾಣುವ ಹೊಳೆಯಲ್ಲವೇ? ಇದರ ಮೇಲೆ 2011ರಲ್ಲಿ ಕಟ್ಟಿದ ಸೇತುವೆಯೊಂದರ ಉದ್ದವೇ ಮೂರೂವರೆ ಕಿಲೋಮೀಟರಿಗೆ ಮೇಲೆ. ನೀರು ನಿಜಕ್ಕೂ ಕಷಾಯದ ಬಣ್ಣ. ಕಾಡಿನಲ್ಲಿ ಕೊಳೆತ ಎಲೆಗಳ ರಸ ಇಳಿದು ಇಳಿದು ಹಾಗಾಗಿದೆ. ಹುಳಿ ನೀರಾದ್ದರಿಂದ ಸೊಳ್ಳೆಯೂ ಕಡಿಮೆ. ಊರಿನಿಂದ ಸ್ವಲ್ಪ ಕೆಳಗೆ ಇದಕ್ಕೆ ಸೊಲಿಮೊಯಿಸ್ ಎಂಬ ಇನ್ನೊಂದು ನದಿ ಬಂದು ಸೇರುತ್ತದೆ. ಅದು ಆಂಡಿಸ್ ಪರ್ವತದ ಮಣ್ಣು ಹೊತ್ತು ತರುವ, ಹಾಲು ಹೆಚ್ಚಾದ ಚಹಾದ ಬಣ್ಣದ್ದು. ಸೇರುತ್ತದೆ ಎನ್ನುವುದೂ ತಪ್ಪೇ. ಒಂದರ ವೇಗ ಇನ್ನೊಂದಕ್ಕಿಲ್ಲ, ಒಂದರ ಬಿಸಿ ಇನ್ನೊಂದಕ್ಕಿಲ್ಲ, ತೂಕವೂ ಬೇರೆ. ಹಾಗಾಗಿ ಸುಮಾರು ಆರು ಕಿಲೋಮೀಟರ್ ದೂರ ಒಂದೇ ಪಾತ್ರದಲ್ಲಿ ಕಪ್ಪು ಒಂದು ಕಡೆ, ಕಂದು ಒಂದು ಕಡೆ ಬೇರೆಬೇರೆಯಾಗಿಯೇ ಹರಿಯುತ್ತವೆ. ದೋಣಿಯವ ಸರಿಯಾಗಿ ಗೆರೆಯ ಮೇಲೆ ನಿಲ್ಲಿಸಿದ. ಈ ಬದಿಯಿಂದ ಕೈ ಹಾಕಿದೆ, ನೀರು ಬೆಚ್ಚಗೆ. ಆ ಬದಿಗೆ ಹೋಗಿ ಹಾಕಿದೆ, ತಣ್ಣಗೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕುಮಾರಧಾರೆ ಸೇರುವ ಸಂಗಮವನ್ನು ಎಷ್ಟೋ ಸಲ ನೋಡಿದವಳು ನಾನು. ಅಲ್ಲಿ ಅವೆರಡೂ ನೆರೆ ಬಂದಾಗ ಅಪ್ಪಿಕೊಳ್ಳುವುದನ್ನು ನೋಡಿ ಕೈಮುಗಿದಿದ್ದೇನೆ. ಇಲ್ಲಿಯವು ಒಂದೇ ಮನೆಯಲ್ಲಿದ್ದೂ ಒಲೆ ಬೇರೆ ಮಾಡಿಕೊಂಡ ವಾರಗಿತ್ತಿಯರ ಹಾಗೆ ಕಂಡವು.

ಬಂದರಿನಲ್ಲಿ ಒಂದು ಗೋಡೆ ಇದೆ. ಯಾವ ವರ್ಷ ಹೊಳೆ ಎಲ್ಲಿಯವರೆಗೆ ಏರಿತ್ತು ಎಂದು ಅದರಲ್ಲಿ ಗುರುತು ಹಾಕಿದ್ದಾರೆ. ಲೆಕ್ಕ ಇಡಲು ತೊಡಗಿದ್ದು 1902ರಲ್ಲಿ. ಅಲ್ಲಿಂದೀಚೆಗೆ 2021ರಲ್ಲಿ ಬಂದ ನೆರೆಯೇ ದೊಡ್ಡದು, 30 ಮೀಟರ್ ದಾಟಿತ್ತು. ಅದರ ಮರುವರ್ಷಗಳಲ್ಲೇ, 2023ರಲ್ಲಿ, ನಂತರ 2024ರಲ್ಲಿ, ಹಿಂದೆಂದೂ ಕಾಣದಷ್ಟು ಕೆಳಗಿಳಿಯಿತು. 2024ರ ಅಕ್ಟೋಬರಿನಲ್ಲಿ 12 ಮೀಟರ್ ಚಿಲ್ಲರೆ. ನಡುವಿನ ಅಂತರ ಆರಂತಸ್ತಿನ ಕಟ್ಟಡದಷ್ಟಾಯಿತು ನೋಡಿ. ದೋಣಿಗಳು ಕೆಸರಿನಲ್ಲಿ ಹೂತುಕೊಂಡವು, ದಡದ ಹಳ್ಳಿಗಳಿಗೆ ಅಕ್ಕಿ, ಕುಡಿಯುವ ನೀರು ತಲುಪಿಸುವುದೇ ಕಷ್ಟವಾಯಿತು. 2023ರಲ್ಲಿ ನೀರು ಇಳಿದ ಜಾಗದಲ್ಲಿ, ಬಂಡೆಗಳ ಮೇಲೆ ಯಾವುದೋ ಕಾಲದವರು ಕೆತ್ತಿದ ಮನುಷ್ಯರ ಮುಖಗಳು ಹೊರಗೆ ಬಂದವಂತೆ. ನಾನು ಹೋದಾಗ ಅವು ನೀರಿನಡಿ ಇದ್ದವು. ನೋಡಲು ಸಿಗದಿದ್ದದ್ದೇ ಒಳ್ಳೆಯದು ಎಂದುಕೊಂಡೆ. ಬರದ ವರ್ಷದಲ್ಲಿ ಮಾತ್ರ ಕಾಣುವ ಮುಖ ಕಂಡು ಏನಾಗಬೇಕು?

ರಸ್ತೆಯಿಲ್ಲದ ಊರಿನ ಕಷ್ಟ ಏನೆಂದು ನಮಗೆ ಹೋಟೆಲಿನ ಅಡುಗೆಯಾಕೆ ಹೇಳಿದಳು. 2021ರ ಜನವರಿಯಲ್ಲಿ ಕೋವಿಡ್ ಎರಡನೇ ಸಲ ಬಂದಾಗ ಮನೌಸಿನ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದುಹೋಯಿತು. ಬೇರೆ ಊರಾದರೆ ಪಕ್ಕದ ಜಿಲ್ಲೆಯಿಂದ ಲಾರಿಯಲ್ಲಿ ಬರುತ್ತಿತ್ತು. ಇಲ್ಲಿಗೆ ವಿಮಾನದಲ್ಲಿ ಬರಬೇಕು, ದೋಣಿಯಲ್ಲಿ ಬರಬೇಕು. ಕೊನೆಗೆ ಉತ್ತರದ ಆ ಒಂದು ರಸ್ತೆಯಲ್ಲಿ ವೆನೆಜುವೆಲಾದವರು ಲಾರಿಗಳಲ್ಲಿ ಕಳಿಸಿಕೊಟ್ಟರು. ಆಕೆಯ ಅಕ್ಕ ಅಷ್ಟರವರೆಗೆ ಉಳಿಯಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ನಾವೂ ಸಿಲಿಂಡರಿಗಾಗಿ ರಾತ್ರಿಯೆಲ್ಲ ಫೋನು ತಿರುಗಿಸಿದವರೇ. ಮಗಳು ಅದನ್ನು ಪೋರ್ಚುಗೀಸಿನಲ್ಲಿ ಹೇಳಿದಾಗ ಆಕೆ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತಳು.

ಮಾರುಕಟ್ಟೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹೊಳೆಯ ದಡದಲ್ಲೇ 1883ರಲ್ಲಿ ಕಟ್ಟಿದ ಕಬ್ಬಿಣದ ಕಮಾನುಗಳ ಕಟ್ಟಡ. ಒಳಗೆ ಒಂದು ಸಾಲು ಪೂರ್ತಿ ಮರಗೆಣಸಿನ ಹುಡಿಯ ಗೋಣಿಗಳು. ಹಳದಿ, ಬಿಳಿ, ದಪ್ಪ ತರಿ, ಸಣ್ಣ ತರಿ. ಅನ್ನವಿರಲಿ, ಮೀನಿರಲಿ, ಮೇಲೆ ಒಂದು ಮುಷ್ಟಿ ಉದುರಿಸಲೇಬೇಕು. ಇಲ್ಲಿಯ ಕಹಿ ಮರಗೆಣಸಿನಲ್ಲಿ ವಿಷವಿದೆ. ಅದನ್ನು ತುರಿದು, ತಾಳೆಯ ಜಾತಿಯ ನಾರಿನಿಂದ ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ, ಕೆಳಗಿನಿಂದ ಜಗ್ಗುತ್ತಾರೆ. ಚೀಲ ಉದ್ದವಾದಷ್ಟೂ ಸಪೂರವಾಗಿ ಹಿಂಡಿ ರಸ ಇಳಿಯುತ್ತದೆ. ತಿಪಿತಿ ಎಂದು ಅದರ ಹೆಸರು. ಆ ವಿಷದ ರಸವನ್ನೂ ಚೆಲ್ಲುವುದಿಲ್ಲ. ಬಹಳ ಹೊತ್ತು ಕುದಿಸಿ ವಿಷ ಕಳೆದು ಹಳದಿ ಸಾರು ಮಾಡುತ್ತಾರೆ. ಇದನ್ನು ಮೊದಲು ಕಂಡುಹಿಡಿದ ಹೆಂಗಸು ಯಾರೋ, ಎಷ್ಟು ಜನರನ್ನು ಕಳೆದುಕೊಂಡು ಕಲಿತಳೋ. ಸಂಜೆಯಾದರೆ ರಸ್ತೆಬದಿಯಲ್ಲಿ ಆ ಸಾರಿಗೆ ಒಣ ಸಿಗಡಿ, ಗಂಜಿಯಂಥ ಅಂಟು, ಜಂಬು ಎಂಬ ಸೊಪ್ಪು ಹಾಕಿ ಸೋರೆಬುರುಡೆಯಂಥ ಬಟ್ಟಲಲ್ಲಿ ಕೊಡುತ್ತಾರೆ. ಹೆಸರು ತಕಕಾ. ಸೊಪ್ಪು ಜಗಿದರೆ ನಾಲಗೆ ಜುಮ್ಮೆಂದು ಮರಗಟ್ಟುತ್ತದೆ. "ಇದು ನಮ್ಮಲ್ಲಿ ಹಲ್ಲುನೋವಿಗೆ ಜಗಿಯುವ ಗಿಡದ ಬಳಗವೇ ಮಾರಾಯ್ತಿ" ಎಂದು ಮಗಳಿಗೆ ಹೇಳುವಷ್ಟರಲ್ಲಿ ನನ್ನ ಮಾತೇ ತೊದಲುತ್ತಿತ್ತು. ಬಂಗುಡೆ, ಬೂತಾಯಿ ತಿಂದು ಬೆಳೆದ ನನಗೆ ಅಲ್ಲಿಯ ಮೀನು ನೋಡಿ ಗಾಬರಿಯಾಯಿತು. ಪಿರಾರುಕು ಎಂಬ ಮೀನು ಆಳೆತ್ತರ ಮೀರಿ ಬೆಳೆಯುತ್ತದೆ. ಅದರ ಹುರುಪೆಗಳನ್ನು ಉಗುರು ಉಜ್ಜಲು ಮಾರುತ್ತಾರೆ. ನಾಲ್ಕು ಕೊಂಡುಕೊಂಡೆ, ಆಮೇಲೆ ವಿಮಾನದಲ್ಲಿ ತಕರಾರಾದೀತೆಂದು ಅಡುಗೆಯಾಕೆಗೇ ಕೊಟ್ಟೆ.

ಊರ ನಡುವೆ ಗುಡ್ಡದ ಮೇಲೆ ಗುಲಾಬಿ ಬಣ್ಣದ ಒಂದು ನಾಟಕಶಾಲೆ ನಿಂತಿದೆ. 1896ರ ಡಿಸೆಂಬರ್ 31ರಂದು ತೆರೆದದ್ದು. ಅದರ ಗೋಪುರಕ್ಕೆ ಬ್ರೆಜಿಲ್ ಬಾವುಟದ ಬಣ್ಣಗಳ 36,000 ಹೆಂಚಿನ ಬಿಲ್ಲೆಗಳು. ಇಟಲಿಯ ಅಮೃತಶಿಲೆ, ವೆನಿಸ್ಸಿನ ಗಾಜಿನ ದೀಪಗುಚ್ಛಗಳು, ಫ್ರಾನ್ಸಿನ ಪೀಠೋಪಕರಣ, ಎಲ್ಲ ಸಮುದ್ರ ದಾಟಿ, ಹೊಳೆ ಏರಿ ಬಂದದ್ದು. ಒಳಗೆ ನಾಟಕ ನಡೆಯುವಾಗ ಹೊರಗಿನ ಗಾಡಿಗಳ ಸದ್ದು ಕೇಳಬಾರದೆಂದು ದಾರಿಗೆ ರಬ್ಬರ್ ಸೇರಿಸಿದ ಕಲ್ಲು ಹಾಸಿದ್ದರಂತೆ. ನರ್ತನದ ಕೋಣೆಯ ಮರದ ನೆಲ ಸವೆಯಬಾರದೆಂದು ನಮ್ಮ ಚಪ್ಪಲಿಯ ಮೇಲೆ ಬಟ್ಟೆಯ ಚಪ್ಪಲಿ ತೊಡಿಸಿದರು. ಜಾರುತ್ತಾ ಜಾರುತ್ತಾ ನಡೆದೆವು. ಆ ಕಾಲದ ಶ್ರೀಮಂತರು ಬಟ್ಟೆ ಒಗೆಯಲು ಯೂರೋಪಿಗೆ ಕಳಿಸುತ್ತಿದ್ದರೆಂದು ಒಂದು ಕಥೆ ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇಷ್ಟಕ್ಕೆಲ್ಲ ಹಣ ಬಂದದ್ದು ಮರದ ಹಾಲಿನಿಂದ. ಸೈಕಲ್ಲಿಗೆ, ಮೋಟಾರಿಗೆ ಟಯರು ಬೇಕಾದಾಗ ಜಗತ್ತಿನಲ್ಲಿ ಒಳ್ಳೆಯ ರಬ್ಬರು ಇದ್ದದ್ದು ಈ ಕಾಡಿನಲ್ಲಿ ಮಾತ್ರ.

ಅದನ್ನು ಇಳಿಸಿದವರ ಮನೆ ನೋಡಬೇಕಾದರೆ ದೋಣಿ ಹತ್ತಬೇಕು. ಊರಿನಿಂದ ಅರ್ಧ ಗಂಟೆಯ ನೀರದಾರಿಯಲ್ಲಿ ರಬ್ಬರ್ ವಸ್ತುಸಂಗ್ರಹಾಲಯ ಒಂದಿದೆ. ಪೋರ್ಚುಗೀಸ್ ಚಲನಚಿತ್ರವೊಂದಕ್ಕಾಗಿ ಹಾಕಿದ ಸೆಟ್ಟನ್ನು ಹಾಗೆಯೇ ಉಳಿಸಿ ಮಾಡಿದ್ದು. ಸೆಟ್ಟು ಎಂದು ನಗುವ ಹಾಗಿಲ್ಲ, ಮರಗಳು ನಿಜದವು. ದಡದಲ್ಲಿ ಧಣಿಯ ಮನೆ, ಪಿಂಗಾಣಿ ಪಾತ್ರೆ, ದೊಡ್ಡ ಮಂಚ. ಪಕ್ಕದಲ್ಲೇ ಧಣಿಯ ಅಂಗಡಿ. ಅಲ್ಲಿ ಹಿಟ್ಟು, ಉಪ್ಪು, ಮದ್ದುಗುಂಡು, ಕತ್ತಿ, ಬಟ್ಟೆ. ಕೆಲಸಕ್ಕೆ ಬಂದವ ಮೊದಲ ದಿನವೇ ಇಲ್ಲಿಂದ ಸಾಲದಲ್ಲಿ ಸಾಮಾನು ಒಯ್ಯಬೇಕು. ಅವನು ತಂದ ರಬ್ಬರಿಗೆ ಬೆಲೆ ಕಟ್ಟುವವನೂ ಧಣಿ, ಸಾಮಾನಿಗೆ ಬೆಲೆ ಹಾಕುವವನೂ ಧಣಿ. ಸಾಲ ತೀರುವುದು ಹೇಗೆ? 1877ರಿಂದ ಮೂರು ವರ್ಷ ಈಶಾನ್ಯ ಬ್ರೆಜಿಲಿನಲ್ಲಿ ಭೀಕರ ಬರ ಬಿತ್ತು. ಹಸಿದ ಜನ ಹಿಂಡುಹಿಂಡಾಗಿ ಈ ಕಾಡಿಗೆ ಬಂದು ಆ ಪುಸ್ತಕದಲ್ಲಿ ಹೆಸರು ಬರೆಸಿಕೊಂಡರು. ಕಾಡಿನ ಮೂಲನಿವಾಸಿಗಳ ಪಾಡು ಇನ್ನೂ ಕೆಟ್ಟದ್ದು. ಪುಟುಮಾಯೊ ಹೊಳೆಯ ಕಡೆ ರಬ್ಬರಿಗಾಗಿ ಅವರನ್ನು ಹೊಡೆದು, ಕೊಂದು ದುಡಿಸಿದ್ದನ್ನು 1910ರಲ್ಲಿ ರೋಜರ್ ಕೇಸ್‌ಮೆಂಟ್ ಎಂಬ ಅಧಿಕಾರಿ ಹೋಗಿ ನೋಡಿ ಬರೆದ. 1912ರಲ್ಲಿ ಅದು ಅಚ್ಚಾದಾಗ ಲಂಡನ್ನಿನಲ್ಲೂ ಜನ ಬೆಚ್ಚಿಬಿದ್ದರು. ಮನೌಸ್ ಎಂಬ ಹೆಸರೂ ಇಲ್ಲಿದ್ದ ಮನಾವೊ ಎಂಬ ಬುಡಕಟ್ಟಿನದ್ದೇ. ಊರಿಗೆ ಹೆಸರು ಉಳಿಯಿತು, ಜನ ಉಳಿಯಲಿಲ್ಲ.

ನಮಗೆ ಎಲ್ಲವನ್ನೂ ತೋರಿಸಿದ್ದು ಇಪ್ಪತ್ತೈದರ ಆಸುಪಾಸಿನ ಹುಡುಗಿ. ತಗಡಿನ ಒಂದು ದೀಪ ಎತ್ತಿ ನನ್ನ ತಲೆಯ ಮೇಲಿಟ್ಟಳು. ಬೆಳಗಾಗುವ ಮೊದಲೇ ಕಾಡಿಗೆ ಹೋಗಲು ಹಣೆಗೆ ಕಟ್ಟಿಕೊಳ್ಳುವ ಎಣ್ಣೆದೀಪ ಅದು. ನಮ್ಮಲ್ಲಿ ಈಗ ಅದೇ ಜಾಗದಲ್ಲಿ ಬ್ಯಾಟರಿ ದೀಪ. ನಮ್ಮ ತೋಟದಲ್ಲಿ ಮರಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಒಬ್ಬರು ಬೆಳಗ್ಗೆ ಮುನ್ನೂರು ಮರ ಕೆತ್ತಬಹುದು. ಇಲ್ಲಿ ಒಂದು ಮರ ಇಲ್ಲಿದ್ದರೆ ಇನ್ನೊಂದು ಕೂಗಳತೆಯಾಚೆ. ನೂರಿನ್ನೂರು ಮರಕ್ಕೆ ಹಾವು, ಜಾಗ್ವಾರಿನ ಹೆದರಿಕೆಯಲ್ಲಿ ಮೈಲುಗಟ್ಟಲೆ ಸುತ್ತಬೇಕು. ಹಾಲು ತಂದ ಮೇಲೆ ಗುಡಿಸಲಿನೊಳಗೆ ಕಾಯಿಗಳ ಹೊಗೆ ಹಾಕಿ, ಕೋಲಿನ ಮೇಲೆ ಹೊಯ್ದು ಹೊಯ್ದು ದೊಡ್ಡ ಉಂಡೆ ಮಾಡಬೇಕು. ಹೊಗೆಯೆಲ್ಲ ಕಣ್ಣಿಗೆ, ಎದೆಗೆ. ನಮ್ಮಲ್ಲಿ ಆಸಿಡ್ ಹಾಕಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ರೋಲರಿನಲ್ಲಿ ಒತ್ತಿ ಶೀಟು ಮಾಡುತ್ತೇವೆ. ಹೊಗೆಮನೆಯಲ್ಲಿ ಬೇಯುವುದು ಶೀಟು ಮಾತ್ರ, ಮನುಷ್ಯರಲ್ಲ.

ಇದನ್ನೆಲ್ಲ ಮಗಳ ಬಾಯಲ್ಲಿ ಹೇಳಿಸಿದಾಗ ಹುಡುಗಿ ಕಣ್ಣರಳಿಸಿದಳು. "ಇಂಡಿಯಾದಲ್ಲಿ ರಬ್ಬರ್ ಮರ ಇದೆಯಾ?"

"ನಮ್ಮ ಮನೆಯ ಹಿಂದೆಯೇ ಉಂಟು."

"ಹಾಗಾದರೆ ನಮ್ಮ ಮರ ಕದ್ದವರು ನೀವೇ!" ಎಂದು ನಕ್ಕಳು.

"ಕದ್ದವರು ನಾವಲ್ಲ, ಇಂಗ್ಲಿಷರು ಅಂತ ಹೇಳು" ಎಂದೆ ಮಗಳಿಗೆ. ಆ ಮರದ ಹಾಲಿನಲ್ಲೇ ಓದಿದ ಮಗಳು "ಅದನ್ನು ನೀನೇ ಹೇಳಮ್ಮ" ಎಂದು ಜಾರಿಕೊಂಡಳು.

1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಎಪ್ಪತ್ತು ಸಾವಿರ ಬೀಜಗಳನ್ನು ಹಡಗಿಗೆ ಹೇರಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಒಯ್ದ. ಮನೌಸಿನಿಂದಲ್ಲ, ಇನ್ನೂ ಕೆಳಗಿನ ತಪಜೋಸ್ ಹೊಳೆಯ ದಡದಿಂದ. ಆಗ ಅದನ್ನು ತಡೆಯುವ ಕಾನೂನು ಇರಲಿಲ್ಲವೆಂದು ಕೆಲವರು ವಾದಿಸುತ್ತಾರೆ. ಬ್ರೆಜಿಲಿನವರಿಗೆ ಅದು ಇಂದಿಗೂ ಕಳವೇ. ನನಗೆ ಮನಸ್ಸಿಗೆ ತಟ್ಟಿದ್ದು ಬೇರೆ ವಿಷಯ. ಬೀಜ ಬೇಗ ಕೆಡುತ್ತದೆಂದು ಗಾಳಿಯಾಡುವ ಬುಟ್ಟಿಗಳಲ್ಲಿ, ಒಣಗಿದ ಬಾಳೆಲೆಯ ನಡುವೆ ಇಟ್ಟನಂತೆ. ಬುಟ್ಟಿ ಹೆಣೆದುಕೊಟ್ಟವರು ಆ ಹಳ್ಳಿಯ ಹೆಣ್ಣುಮಕ್ಕಳು. ಅವನೇ ಬರೆದಿದ್ದಾನೆ. ತಮ್ಮ ಊರಿನ ಸಿರಿಯನ್ನು ತಾವೇ ಬುಟ್ಟಿ ಹೆಣೆದು ಕಳಿಸಿಕೊಡುತ್ತಿದ್ದೇವೆಂದು ಅವರಿಗೆ ಯಾರು ಹೇಳಿದ್ದರು? ಕ್ಯೂನಲ್ಲಿ ಮೊಳೆತದ್ದು ಎರಡು ಸಾವಿರದ ಏಳುನೂರರಷ್ಟು. ಹೆಚ್ಚಿನ ಸಸಿಗಳು ಹೋದದ್ದು ಸಿಲೋನಿಗೆ. ಅಲ್ಲಿಂದ, ಮಲಯದಿಂದ, ತೋಟಗಳು ಹಬ್ಬಿದವು. 1913ರ ಹೊತ್ತಿಗೆ ತೋಟದ ರಬ್ಬರು ಕಾಡಿನ ರಬ್ಬರನ್ನು ಹಿಂದೆ ಹಾಕಿತು. ಮನೌಸಿನ ಸಿರಿ ಬಂದಷ್ಟೇ ಬೇಗ ಇಳಿದುಹೋಯಿತು.

ಮರ ಹೋದ ದಾರಿಯಲ್ಲೇ ಜನರೂ ಹೋದರು. ನಮ್ಮ ಮರಗಳಿಗೆ ಟ್ಯಾಪಿಂಗಿಗೆ ಬರುವಾಕೆಯ ಅಜ್ಜ, ಮುತ್ತಜ್ಜ ತಮಿಳುನಾಡಿನಿಂದ ಸಿಲೋನಿನ ತೋಟಕ್ಕೆ ಕೂಲಿಗೆ ಹೋದವರು. 1964ರಲ್ಲಿ ಶಾಸ್ತ್ರಿಯವರಿಗೂ ಸಿರಿಮಾವೊ ಅವರಿಗೂ ಒಪ್ಪಂದವಾಗಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಭಾರತಕ್ಕೆ ಕಳಿಸುವುದೆಂದಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ನಮ್ಮ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ಕೂರಿಸಿದರು. ನಮ್ಮೂರಲ್ಲಿ ಅವರನ್ನು ಈಗಲೂ ಸಿಲೋನಿನವರು ಎಂದೇ ಕರೆಯುವುದು, ಸಿಲೋನ್ ಕಾಣದ ಮೊಮ್ಮಕ್ಕಳನ್ನೂ. ಆಕೆ ನಾನು ಹೊರಡುವ ಮೊದಲು ಒಂದೇ ಮಾತು ಹೇಳಿದ್ದಳು, "ಅಕ್ಕಾ, ಅಲ್ಲಿ ಮರ ಹೇಗೆ ಕೆತ್ತುತ್ತಾರೆ ನೋಡಿ ಬನ್ನಿ."

ಯಜಮಾನರು ಹೇಳಿದ್ದು ಇನ್ನೊಂದು. "ಒಂದು ಎಲೆ, ಒಂದು ಬೀಜ ತರಬಾರದು." ಅಮೆಜಾನಿನ ರಬ್ಬರ್ ಎಲೆಗೆ ಬೂಷ್ಟಿನಿಂದ ಬರುವ ಒಂದು ರೋಗವಿದೆ. ಕಾಡಿನಲ್ಲಿ ಮರಗಳು ದೂರದೂರ ಇರುವುದರಿಂದ ಅದು ಹಬ್ಬುವುದಿಲ್ಲ. ಸಾಲಾಗಿ ನೆಟ್ಟರೆ ಎಲೆಯೆಲ್ಲ ಉದುರಿಸಿಬಿಡುತ್ತದೆ. ಹೆನ್ರಿ ಫೋರ್ಡನಂಥ ಕುಬೇರ 1928ರಲ್ಲಿ ತಪಜೋಸ್ ದಡದಲ್ಲಿ ಕಾಡು ಕಡಿಸಿ ತನ್ನ ಹೆಸರಿನಲ್ಲೇ ಊರು ಕಟ್ಟಿ ರಬ್ಬರ್ ನೆಡಿಸಿದ. ರೋಗಕ್ಕೆ ಸೋತು 1945ರಲ್ಲಿ ಬಿಟ್ಟುಹೋದ. ಬೀಜದ ಜೊತೆ ಆ ರೋಗ ಹಡಗು ಹತ್ತದೆ ಇದ್ದದ್ದೇ ನಮ್ಮ ಪುಣ್ಯ. ಅದು ಬಂದರೆ ನಮ್ಮ ಗುಡ್ಡ ಬೋಳು. ಮನೌಸ್ ಬಿಡುವ ರಾತ್ರಿ ನಾನು, ಮಗಳು ಬಚ್ಚಲಲ್ಲಿ ಕೂತು ಚಪ್ಪಲಿಯ ಅಡಿಯನ್ನು ಸಾಬೂನು ಹಾಕಿ ಉಜ್ಜಿದೆವು. ಕಾಡಿಗೆ ಉಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದೆವು. ಚೀಲದ ಮೂಲೆಯನ್ನೂ ತಡಕಿದೆ. ತವರಿನಿಂದ ಏನನ್ನೂ ತಾರದೆ ಬರುವುದು ನನಗೆ ಇದೇ ಮೊದಲು.

ತಂದದ್ದು ಫೋಟೊ ಮಾತ್ರ. ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ, ಮಳೆ ಹೊಳವಾದಾಗ, ತೋಟಕ್ಕೇ ಹೋದೆ. ಮರಗಳಿಗೆಲ್ಲ ಮಳೆಗಾಲದ ಪ್ಲಾಸ್ಟಿಕ್ ಲಂಗ ಉಡಿಸಿತ್ತು. ಆಕೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ನಾಟಕಶಾಲೆಯ ಚಿತ್ರವನ್ನು ಒಂದು ಕ್ಷಣ ನೋಡಿ ಸರಿಸಿದಳು. ಹೊಳೆಗಳ ಚಿತ್ರವನ್ನೂ ಸರಿಸಿದಳು. ಮರದ ಚಿತ್ರ ಬಂದಾಗ ಬೆರಳಿನಿಂದ ದೊಡ್ಡದು ಮಾಡಿ, ಕೆತ್ತಿದ ಗೆರೆಗಳನ್ನು ಬಹಳ ಹೊತ್ತು ನೋಡಿದಳು.

"ಆಳ ಹೋಗಿದೆ ಅಕ್ಕಾ. ಕಟ್ಟಿಗೆಗೆ ತಾಗಿದೆ. ಇಲ್ಲಿ ನೋಡಿ, ಗಂಟು ಕಟ್ಟಿದೆ. ಹೀಗೆ ಕೆತ್ತಿದರೆ ಮರ ಎಷ್ಟು ದಿನ ಕೊಡ್ತದೆ?"

ಸಾಲದಲ್ಲಿದ್ದವರು ಅವಸರದಲ್ಲಿ ಕೆತ್ತುತ್ತಿದ್ದರಂತೆ ಎಂದು ಹೇಳಿದೆ. ಆಕೆ ತಲೆ ಆಡಿಸಿದಳು. ಫೋನು ನನ್ನ ಕೈಗೆ ಕೊಟ್ಟು, ಟ್ಯಾಪಿಂಗ್ ಕತ್ತಿ ಎತ್ತಿಕೊಂಡು ಮುಂದಿನ ಮರದ ಬಳಿ ಹೋಗಿ, ಗೆರಟೆಯಲ್ಲಿ ನಿಂತಿದ್ದ ಮಳೆನೀರನ್ನು ಚೆಲ್ಲಿದಳು.